ಶನಿವಾರದ ಮಂಗಳಾರತಿ ತಟ್ಟೆ

ಬಸವೇಶ್ವರನಗರದ ಆ ಹಿಟ್ಟಿನ ಗಿರಣಿಯ ಮೇಲಿನ ಕೋಣೆಯಲ್ಲಿ ಪ್ರತಿ ಶನಿವಾರ ಸಂಜೆ ಏಳಕ್ಕೆ ಭಜನೆ ಎಂಬುದು ಬೀದಿಗೆಲ್ಲ ಗೊತ್ತು. ಹನ್ನೊಂದು ವರ್ಷದಿಂದ ಒಂದು ವಾರವೂ ತಪ್ಪಿಲ್ಲ. ಎಂಟು ಹತ್ತು ಗಂಡಸರು, ಒಂದು ಹಾರ್ಮೋನಿಯಂ, ಎರಡು ಜೊತೆ ತಾಳ, ಕೊನೆಗೆ ಮಂಗಳಾರತಿ, ಆಮೇಲೆ ಕಡಲೆಕಾಳು ಉಸಲಿ. ಅವರಲ್ಲಿ ಒಬ್ಬನೂ ಹೆಂಡತಿಯನ್ನು ಕರೆದುಕೊಂಡು ಬಂದದ್ದನ್ನು ಯಾರೂ ನೋಡಿಲ್ಲ. ಗಿರಣಿಗೆ ಹೊಂದಿಕೊಂಡ ಕೆಳಗಿನ ಮನೆಯಲ್ಲಿರುವ ಕಟ್ಟಡದ ಯಜಮಾನಿ ಅನಂತಲಕ್ಷ್ಮಮ್ಮ ಅದನ್ನು ವೈರಾಗ್ಯ ಎಂದುಕೊಂಡಿದ್ದರು. "ಈ ಕಾಲದಲ್ಲಿ ಸಂಸಾರದ ಗೊಡವೆ ಬಿಟ್ಟು ದೇವರನಾಮ ಹೇಳೋ ಗಂಡಸರು ಎಲ್ಲಿ ಸಿಗ್ತಾರೆ ಹೇಳಿ" ಎಂದು ಪಕ್ಕದ ಮನೆಯ ಅಕ್ಕಯ್ಯಮ್ಮನ ಹತ್ತಿರ ವಾರಕ್ಕೊಮ್ಮೆಯಾದರೂ ಹೇಳುತ್ತಿದ್ದರು.

ವೈರಾಗ್ಯವಂತೆ! ಅಯ್ಯೋ ಸ್ವಾಮಿ, ಅವರು ಗಂಡಸರನ್ನು ಪ್ರೀತಿಸುವ ಗಂಡಸರು. ಅದನ್ನು ಮುಚ್ಚಿಟ್ಟು ಮುಚ್ಚಿಟ್ಟು ಕುಡಿತಕ್ಕೆ ಬಿದ್ದವರು, ಈಗ ಕುಡಿತ ಬಿಡಲು ಒಟ್ಟು ಸೇರುವವರು. ಬ್ಯಾಂಕಿನಿಂದ ನಿವೃತ್ತರಾದ ಸೇತುರಾಮರು ಹನ್ನೊಂದು ವರ್ಷದ ಹಿಂದೆ ಕೋಣೆ ಕೇಳಲು ಹೋದಾಗ ಅನಂತಲಕ್ಷ್ಮಮ್ಮ "ಏನು ಕ್ಲಾಸು ನಡೆಸ್ತೀರಿ?" ಎಂದು ಕೇಳಿದ್ದರು. ಸೇತುರಾಮರ ಬಾಯಿಗೆ ಆ ಗಳಿಗೆಯಲ್ಲಿ ಬಂದದ್ದು ಭಜನೆ. ಹೇಳಿದ ಮೇಲೆ ಹಾಡಲೇಬೇಕಲ್ಲ! ಮೊದಲ ತಿಂಗಳು ಬೀದಿಯ ನಾಯಿಗಳಿಗೂ ಸಹಿಸಲಾಗದಂತೆ ಹಾಡಿದರು. ಆಮೇಲೆ ಕಲಿತರು. ಶುರುವಿಗೆ ಎರಡು ಹಾಡು, ಕೊನೆಗೆ ಒಂದು. ನಡುವೆ ಒಂದು ಗಂಟೆ ಬಾಗಿಲು ಹಾಕಿಕೊಂಡು ಮಾತು. ಹೊರಗೆ ಕೇಳದಿರಲಿ ಎಂದು ಆ ಒಂದು ಗಂಟೆಯೂ ಶ್ರುತಿಪೆಟ್ಟಿಗೆ ಗುಂಯ್ ಎನ್ನುತ್ತಲೇ ಇರುತ್ತಿತ್ತು.

ಅವರಲ್ಲಿ ಒಂದು ಪದ್ಧತಿ ಇತ್ತು. ಆ ವಾರ ಯಾರಾದರೂ ಕುಡಿದಿದ್ದರೆ ಬಾಯಿಬಿಟ್ಟು ಒಪ್ಪಿಕೊಳ್ಳಬೇಕಾಗಿಲ್ಲ. "ಇವತ್ತು ತಟ್ಟೆ ನಂಗೆ ಕೊಡಿ" ಎಂದರೆ ಸಾಕು. ಯಾರೂ ಪ್ರಶ್ನೆ ಕೇಳುವಂತಿಲ್ಲ, ಬುದ್ಧಿ ಹೇಳುವಂತಿಲ್ಲ, ಪಾಪ ಎನ್ನುವಂತಿಲ್ಲ. ಬಾಗಿಲು ತೆರೆದು ಅವನು ಕರ್ಪೂರ ಹಚ್ಚಿದ ತಟ್ಟೆ ಹಿಡಿದು ಮೆಟ್ಟಿಲ ಮೇಲ್ತುದಿಯಲ್ಲಿ ನಿಲ್ಲಬೇಕು. ಗಿರಣಿಗೆ ಬಂದವರು, ಅಕ್ಕಪಕ್ಕದವರು, ಟ್ಯೂಷನ್ ಮುಗಿಸಿದ ಮಕ್ಕಳು ಒಬ್ಬೊಬ್ಬರೇ ಹತ್ತಿ ಬಂದು ಅವನ ಕೈಯ ಆರತಿಗೆ ಅಂಗೈ ಒಡ್ಡಿ ಕಣ್ಣಿಗೊತ್ತಿಕೊಳ್ಳುತ್ತಿದ್ದರು. ತಾನು ಯಾರೂ ಮುಟ್ಟಬಾರದವನು ಎಂದುಕೊಂಡು ಬಂದವನು ನಲವತ್ತು ಜನಕ್ಕೆ ಆರತಿ ಕೊಟ್ಟು ಮನೆಗೆ ಹೋಗುತ್ತಿದ್ದ. ಮುಂದಿನ ಶನಿವಾರ ತಪ್ಪದೆ ಬರುತ್ತಿದ್ದ.

ಇದು ತಿಳಿಯದ ಅನಂತಲಕ್ಷ್ಮಮ್ಮ, ಹೆಚ್ಚು ಸಲ ತಟ್ಟೆ ಹಿಡಿದವನೇ ಹೆಚ್ಚಿನ ಭಕ್ತ ಎಂದು ಲೆಕ್ಕ ಹಾಕಿಬಿಟ್ಟಿದ್ದರು. ಮಂಡಿನೋವಿನಿಂದ ಅವರು ಮೇಲೆ ಹತ್ತುತ್ತಿರಲಿಲ್ಲ, ಕೆಳಗೆ ಕುರ್ಚಿ ಹಾಕಿಕೊಂಡು ನೋಡುತ್ತಿದ್ದರು. ಮಂಡಳಿಯ ಮುಖ್ಯ ಹಾಡುಗಾರ ಮಧ್ವೇಶ್ ಒಮ್ಮೆ ಸತತ ಐದು ವಾರ ತಟ್ಟೆ ಹಿಡಿದಾಗ "ಎಷ್ಟು ಭಕ್ತಿ ಆ ಹುಡುಗನಿಗೆ!" ಎಂದು ಕಣ್ಣೀರು ಹಾಕಿದ್ದರು. ಆರನೇ ವಾರ ಮಧ್ವೇಶ್ ಬರಲಿಲ್ಲ. ಆಸ್ಪತ್ರೆಯಲ್ಲಿದ್ದ, ಅಲ್ಲೇ ತೀರಿಕೊಂಡ. ಕಾಮಾಲೆ ಎಂದರು ಮನೆಯವರು. ಇಂಥವರ ಮನೆಗಳಲ್ಲಿ ಎಲ್ಲರೂ ಕಾಮಾಲೆಯಿಂದಲೇ ಸಾಯುತ್ತಾರೆ. ಮಂಡಳಿಯವರು ಹನ್ನೊಂದು ವರ್ಷದಲ್ಲಿ ಅಂಥ ನಾಲ್ಕು ಕಾಮಾಲೆಗೆ ಹೋಗಿ ಹಿಂದಿನ ಸಾಲಿನಲ್ಲಿ ನಿಂತು ಬಂದಿದ್ದರು.

ಮಂಡಳಿಯವನೇ ಆದ ಚನ್ನವೀರೇಶನಿಗೆ ಮಧ್ವೇಶ್ ಒಂಬತ್ತು ವರ್ಷದ ಸಂಗಾತಿ. ಈ ಚನ್ನವೀರೇಶ್ ಗದಗಿನ ಕಡೆಯವನು. ಬೆಂಗಳೂರಿಗೆ ಬಂದು ಮೂವತ್ತು ವರ್ಷವಾಯಿತು, ವಿಜಯನಗರದಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುವ ಅಂಗಡಿ ಇಟ್ಟಿದ್ದಾನೆ. ಊರಿನವರ ಮದುವೆಗೆಲ್ಲ ಅಕ್ಷರ ಜೋಡಿಸುವ ಕೈ, ತನ್ನ ಹೆಸರನ್ನು ಮಾತ್ರ ಎಲ್ಲೂ ಜೋಡಿಸುವಂತಿಲ್ಲ. ಮಧ್ವೇಶ್ ಸತ್ತ ದಿನದಿಂದ ಅವನು ಒಂದು ತೊಟ್ಟೂ ಮುಟ್ಟಿರಲಿಲ್ಲ. ಆರು ವರ್ಷ. ಅವನನ್ನು ನೆಟ್ಟಗೆ ನಿಲ್ಲಿಸಿದ್ದು ಆ ಕೋಣೆ ಒಂದೇ. ಅದೊಂದು ಹೋದರೆ ತಾನು ಮುಗಿದೆ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಹೀಗಿರುವಾಗ ಬಂದವನು ರೇವಂತ್ ಎಂಬ ಕಲಾವಿದ. ಊಟ ಡೆಲಿವರಿ ಮಾಡುವ ಫಕೀರೇಶ ಮಂಡಳಿಯಲ್ಲಿ ಎಲ್ಲರಿಗಿಂತ ಕಿರಿಯವನು, ತಾಳ ಹಾಕುವವನು. ನಾಗರಬಾವಿಯಲ್ಲಿದ್ದ ರೇವಂತನ ಸ್ಟುಡಿಯೋಗೆ ದಿನವೂ ಊಟ ಕೊಟ್ಟು ಕೊಟ್ಟು, ಮಾತಿಗೆ ಮಾತು ಬೆಳೆದು, ಒಂದು ಶನಿವಾರ ಕರೆದುಕೊಂಡೇ ಬಂದುಬಿಟ್ಟ. ರೇವಂತನೂ ಇವರಂಥವನೇ. ಆದರೆ ವಿದೇಶದಲ್ಲಿ ಓದಿ ಬಂದಿದ್ದರಿಂದ ತನ್ನ ನೋವಿಗೆಲ್ಲ ಒಳ್ಳೊಳ್ಳೆಯ ಹೆಸರು ಕಲಿತಿದ್ದ.

"ಸಾರ್, ನಿಮ್ಮ ಕತೆ ಇಟ್ಕೊಂಡು ನಾನು ಮಾಡೋದು ದೂರ ನಿಂತು ನೋಡೋ ಕಲೆ ಅಲ್ಲ. ಇಮ್ಮರ್ಸಿವ್. ಜನ ಒಳಗೆ ಬಂದು ಮುಳುಗಬೇಕು" ಎಂದ.

"ನಾವು ಮುಳುಗಿ ಎದ್ದು ಬಂದಿದೀವಪ್ಪ. ಮತ್ತೆ ಯಾಕೆ ನೂಕ್ತೀಯಾ?" ಎಂದ ಚನ್ನವೀರೇಶ್.

"ವ್ಯಸನ, ಕಳಂಕ, ನಮ್ಮ ಸಮುದಾಯದ ಕಲೆಕ್ಟಿವ್ ಟ್ರಾಮಾ, ಇದನ್ನೆಲ್ಲ ಒಂದು ಸ್ಪೇಸ್ ಆಗಿ ಕಟ್ತೀನಿ ಸಾರ್. ನಿಮ್ಮ ತಟ್ಟೆ ಪದ್ಧತಿ ಇದೆಯಲ್ಲ, ಅದ್ಭುತ. ಗೂಸ್‌ಬಂಪ್ಸ್ ಬಂತು."

ಸೇತುರಾಮರು ಕಲೆಕ್ಟಿವ್ ಟ್ರಾಮಾ ಎಂಬುದನ್ನು ಡೈರಿಯಲ್ಲಿ ಬರೆದುಕೊಂಡರು. ಮೂವತ್ತಾರು ವರ್ಷ ಬ್ಯಾಂಕಿನ ಸುತ್ತೋಲೆ ಓದಿದ ಮನುಷ್ಯನಿಗೆ ಇಂಥ ಪದಗಳೆಂದರೆ ಬಾಯಲ್ಲಿ ನೀರೂರುತ್ತದೆ. ತಮ್ಮ ಮಂಡಳಿ ಇಷ್ಟು ದೊಡ್ಡ ಸಂಗತಿ ಎಂದು ಅವರಿಗೇ ಗೊತ್ತಿರಲಿಲ್ಲ. ದನಿ ಬದಲಾಯಿಸುತ್ತೇನೆ, ಹೆಸರು ಬರುವುದಿಲ್ಲ ಎಂದು ರೇವಂತ್ ಮಾತು ಕೊಟ್ಟ. ಚನ್ನವೀರೇಶ್ ಎರಡೆರಡು ಸಲ ಕೇಳಿದ. ಎರಡು ಸಲವೂ ರೇವಂತ್ ಎದೆಯ ಮೇಲೆ ಕೈಯಿಟ್ಟು "ನಿಮ್ಮ ಸೇಫ್ಟಿ ನನಗೆ ಮುಖ್ಯ ಸಾರ್" ಎಂದ.

ಆದರೂ ಚನ್ನವೀರೇಶ್ ಒಪ್ಪುತ್ತಿರಲಿಲ್ಲ. ರೆಕಾರ್ಡರ್ ಇಟ್ಟುಕೊಂಡು ಎದುರು ಕುಳಿತ ರೇವಂತ್, "ಮಧ್ವೇಶ್ ಹೇಗೆ ಹಾಡ್ತಿದ್ರು ಸಾರ್?" ಎಂದು ಕೇಳಿಬಿಟ್ಟ. ಆರು ವರ್ಷದಲ್ಲಿ ಆ ಕೋಣೆಯ ಹೊರಗಿನ ಒಬ್ಬ ಮನುಷ್ಯನೂ ಅವನನ್ನು ಆ ಪ್ರಶ್ನೆ ಕೇಳಿರಲಿಲ್ಲ. ಚನ್ನವೀರೇಶ್ ಕರಗಿಹೋದ. ಎರಡು ಗಂಟೆ ಮಾತಾಡಿದ.

ಆಷಾಢದಲ್ಲಿ ಮದುವೆಗಳಿಲ್ಲದೆ ಬೀಗ ಹಾಕಿಕೊಂಡಿದ್ದ ಒಂದು ಕಲ್ಯಾಣ ಮಂಟಪವನ್ನು ರೇವಂತ್ ಹಿಡಿದ. ಕಲಾಕೃತಿಗೆ 'ತಟ್ಟೆ' ಎಂದೇ ಹೆಸರಿಟ್ಟ. ಉದ್ಘಾಟನೆಯ ಹಿಂದಿನ ದಿನ ಮೊಬೈಲಿನಲ್ಲಿ ಆಮಂತ್ರಣ ಹೊರಡಿಸಿದ. ಕೆಂಪು ಬಣ್ಣದ ಮೇಲೆ 'ತಟ್ಟೆ: ಆರತಿ, ಅನುಭವ, ಆಘಾತ' ಎಂದು ದೊಡ್ಡದಾಗಿ ಹಾಕಿ, ಕೆಳಗೆ 'ಸಹಯೋಗ: ಶನಿವಾರದ ಭಜನಾ ಮಂಡಳಿ, ಬಸವೇಶ್ವರನಗರ' ಎಂದು ಸೇರಿಸಿದ್ದ. ಅದನ್ನು ನೋಡಿದ್ದೇ ತಡ, ಚನ್ನವೀರೇಶ್ ರೇವಂತನಿಗೆ ಫೋನ್ ಮಾಡಿ ಕಿರುಚಾಡಿದ. "ಅದಕ್ಕೇ ಸಾರ್, ನಿಜವಾದ ಹೆಸರು ಹಾಕದೆ ನಿಮ್ಮ ಕವರ್ ಹೆಸರು ಹಾಕಿದೀನಿ! ಯಾರಿಗೂ ಏನೂ ಗೊತ್ತಾಗಲ್ಲ" ಎಂದ ಆ ಬುದ್ಧಿವಂತ.

ಭಾನುವಾರ ಸಂಜೆ ನಾಲ್ಕೂವರೆಗೇ ಮಂಟಪದ ಮುಂದೆ ಆಟೋಗಳು ನಿಂತವು. ಮೊಬೈಲಿನಿಂದ ಮೊಬೈಲಿಗೆ ಹಾರಿದ ಆಮಂತ್ರಣದಲ್ಲಿ ಮಂಡಳಿಯ ಹೆಸರು ನೋಡಿ, ಇದೂ ಭಜನೆಯೇ ಎಂದುಕೊಂಡ ಮೂರು ಅಡ್ಡರಸ್ತೆಯ ಹೆಂಗಸರೆಲ್ಲ ರೇಷ್ಮೆ ಸೀರೆ ಉಟ್ಟು, ಮಲ್ಲಿಗೆ ಮುಡಿದು ಇಳಿದರು. ಆಷಾಢದಲ್ಲಿ ಸೀರೆ ಹೊರತೆಗೆಯಲು ಒಂದು ನೆಪ ಸಿಕ್ಕಿದ್ದಕ್ಕೇ ಅರ್ಧ ಖುಷಿಯಾಗಿದ್ದರು. ಮುಂದೆ ಅನಂತಲಕ್ಷ್ಮಮ್ಮ, ಅವರ ತೋಳು ಹಿಡಿದು ಎಂಬತ್ತೆರಡರ ಅಕ್ಕಯ್ಯಮ್ಮ. ಬಾಗಿಲಲ್ಲಿದ್ದ ನಿಖಿತಾ ಎಂಬ ಹುಡುಗಿ ಕೈಗೆ ಕಪ್ಪು ಪಟ್ಟಿ ಕಟ್ಟುತ್ತಾ, "ಒಳಗೆ ನಿಮಗೆ ಡಿಸ್ಟರ್ಬ್ ಆಗಬಹುದು ಆಂಟಿ, ಓಕೆನಾ?" ಎಂದು ಕೇಳಿದಳು. "ಡಿಸ್ಟರ್ಬ್ ಏನಮ್ಮಾ, ನಾವೇ ಮೊಬೈಲ್ ಆಫ್ ಮಾಡ್ಕೊಂಡಿದೀವಿ" ಎಂದರು ಅನಂತಲಕ್ಷ್ಮಮ್ಮ. ಎಲ್ಲರೂ ಚಪ್ಪಲಿ ಬಿಟ್ಟು ಬಲಗಾಲಿಟ್ಟು ಒಳಗೆ ಹೋದರು.

ಮೊದಲು 'ಕಳಂಕದ ಓಣಿ'. ಎರಡು ಬದಿಗೂ ಕಪ್ಪು ಪರದೆ, ಅದರ ಹಿಂದೆ ಅಡಗಿಸಿದ ಸ್ಪೀಕರುಗಳು, ಅವುಗಳಿಂದ ಇಂಥ ಗಂಡಸರು ಜೀವನವಿಡೀ ಕೇಳುವ ಬೈಗುಳಗಳು. ನಗರದ ಕಲಾರಸಿಕರು ತಲೆತಗ್ಗಿಸಿ, ಕಣ್ಣು ಮುಚ್ಚಿ, ಗಂಭೀರವಾಗಿ ನಡೆದು ಹೋಗುತ್ತಿದ್ದರು. ಅಕ್ಕಯ್ಯಮ್ಮ ಮಾತ್ರ ನಿಂತುಬಿಟ್ಟರು.

"ಯಾರೋ ಅದು? ಪರದೆ ಹಿಂದೆ ನಿಂತ್ಕೊಂಡು ಬಾಯಿಗೆ ಬಂದ ಹಾಗೆ ಬೈತಿರೋದು? ಗಂಡಸಾದ್ರೆ ಮುಂದೆ ಬಾ! ದಾರೀಲಿ ಹೋಗೋರು ನಿಂಗೇನು ಮಾಡಿದಾರೋ, ಮುಠ್ಠಾಳ!" ಎಂದು ಕೈಚೀಲದಿಂದ ಪರದೆಗೆ ಒಂದು ಬಾರಿಸಿದರು. ಸ್ಪೀಕರ್ ಉರುಳಿ ಬಿತ್ತು. ಕಲಾರಸಿಕರು ಬೆರಗಾಗಿ ನಿಂತರು. "ವಾವ್, ಕಾಸ್ಟಿಂಗ್ ನೋಡು" ಎಂದು ಒಬ್ಬ ಪಿಸುಗುಟ್ಟಿದ. ಪತ್ರಿಕೆಯಿಂದ ಬಂದಿದ್ದವಳು ಅದನ್ನು ಬರೆದುಕೊಂಡಳು. ಗೋಡೆಗೆ ಒರಗಿ ನಿಂತಿದ್ದ ಚನ್ನವೀರೇಶನಿಗೆ ನಗು ಬಂತು, ಹಿಂದೆಯೇ ಅಳುವೂ ಬಂತು. ಆ ಬೈಗುಳ ಕೇಳಿ ಬೆಳೆದ ನಲವತ್ತೆಂಟು ವರ್ಷದಲ್ಲಿ ಅವನ ಪರವಾಗಿ ಯಾರೂ ಹಾಗೆ ಕೈಚೀಲ ಎತ್ತಿರಲಿಲ್ಲ.

ಆಮೇಲೆ ದುಂಡನೆಯ ಕತ್ತಲೆ ಕೋಣೆ. ನಡುವೆ ಒಂದು ಬೆಳ್ಳಿಬಣ್ಣದ ತಟ್ಟೆಯಲ್ಲಿ ಬ್ಯಾಟರಿ ದೀಪ. ಹೆಂಗಸರು ಸುತ್ತ ಕೂತು, ದೀಪಕ್ಕೆ ಕೈಯೊಡ್ಡಿ ಕಣ್ಣಿಗೊತ್ತಿಕೊಂಡರು. "ಬಿಸಿಯೇ ಇಲ್ವಲ್ಲೇ" ಎಂದರು ಯಾರೋ. ಆಗ ದನಿ ಶುರುವಾಯಿತು. ಮೊದಲು ಸೇತುರಾಮರದು: ತಟ್ಟೆ ಯಾರಿಗೆ ಕೊಡುತ್ತೇವೆ, ಯಾಕೆ ಕೊಡುತ್ತೇವೆ, ಯಾಕೆ ಪ್ರಶ್ನೆ ಕೇಳುವುದಿಲ್ಲ ಎಂದು ಒಂದೊಂದಾಗಿ ವಿವರಿಸುವ ಅದೇ ಬ್ಯಾಂಕಿನ ದನಿ. ಬದಲಾಯಿಸಿದ್ದು ಏನೂ ಇಲ್ಲ! ಚನ್ನವೀರೇಶ್ ಓಡಿಹೋಗಿ ರೇವಂತನ ಕಾಲರ್ ಹಿಡಿದ.

"ದನಿ ಬದಲಾಯಿಸ್ತೀನಿ ಅಂದಿದ್ಯಲ್ಲೋ!"

"ಟ್ರೈ ಮಾಡಿದೆ ಸಾರ್. ಕಾರ್ಟೂನ್ ಥರ ಕೇಳಿಸ್ತಿತ್ತು. ಆತ್ಮನೇ ಹೋಗ್ಬಿಡ್ತು" ಎಂದ ರೇವಂತ್.

ಅಷ್ಟರಲ್ಲಿ ಕತ್ತಲಲ್ಲಿ ಚನ್ನವೀರೇಶನದೇ ದನಿ ಮಾತಾಡತೊಡಗಿತ್ತು. ಹನ್ನೊಂದು ವರ್ಷ ಶನಿವಾರ ಶನಿವಾರ ಕೆಳಗೆ ಕೂತು ಕೇಳಿದ ದನಿಯನ್ನು ಅನಂತಲಕ್ಷ್ಮಮ್ಮ ಗುರುತಿಸದೇ ಇರುತ್ತಾರೆಯೇ? ಅವರ ಬೆನ್ನು ನೆಟ್ಟಗಾದದ್ದು ಅವನಿಗೆ ಕಂಡಿತು.

"ಮಧ್ವೇಶನ ತಂಗಿ ಗಂಡ ನನ್ನ ಅಂಗಡಿಗೇ ಬಂದ" ಎನ್ನುತ್ತಿತ್ತು ದನಿ. "ನಮ್ಮ ಭಾವಂಗೆ ನೀವು ಪರಿಚಯ ಅಂತೆ, ವೈಕುಂಠ ಸಮಾರಾಧನೆ ಕಾರ್ಡ್ ಬೇಗ ಮಾಡಿಕೊಡಿ ಅಂದ. ನಾನೇ ಕೂತು ಅಕ್ಷರ ಜೋಡಿಸಿದೆ. ದುಃಖತಪ್ತರು ಅಂತ ಹಾಕಿ ಕೆಳಗೆ ಹದಿನಾಲ್ಕು ಹೆಸರು. ಅಮೆರಿಕದಲ್ಲಿರೋ ಚಿಕ್ಕಪ್ಪನ ಮೊಮ್ಮಗುವಿನ ಹೆಸರೂ ಇತ್ತು. ನಂದು ಎಲ್ಲಿ ಹಾಕಲಿ? ಕಾರ್ಡಿನ ಕೊನೇಲಿ ಪ್ರೆಸ್ಸಿನ ಹೆಸರು ಹಾಕೋ ಜಾಗ ಇರತ್ತಲ್ಲ, ಇರುವೆ ಸಾಲಿನಷ್ಟು ಸಣ್ಣಕ್ಷರ. ಅಲ್ಲಿ ಅಂಗಡಿ ಹೆಸರು ತೆಗೆದು ಮುದ್ರಣ: ಚನ್ನವೀರೇಶ್ ಅಂತ ಹಾಕಿದೆ. ಅವನ ಹೆಸರಿರೋ ಕಾಗದದಲ್ಲಿ ನನ್ನ ಹೆಸರು ಬಂದಿದ್ದು ಅದೊಂದೇ ಸಲ."

ದೀಪ ಹತ್ತಿದಾಗ ಕಲಾರಸಿಕರು ಮೂಗೊರೆಸಿಕೊಂಡು ಒಬ್ಬರನ್ನೊಬ್ಬರು ಅಪ್ಪಿಕೊಳ್ಳುತ್ತಿದ್ದರು. ಅನಂತಲಕ್ಷ್ಮಮ್ಮ ಎದ್ದು, ಕೈಯ ಕಪ್ಪು ಪಟ್ಟಿ ಕಿತ್ತು ನಿಖಿತಾಳ ಕೈಗೆ ಕೊಟ್ಟು, ಚನ್ನವೀರೇಶನ ಎದುರಿಗೇ ಹಾದು ಹೋದರು. ಅವನ ಮುಖ ನೋಡಲಿಲ್ಲ. ಹೊರಗೆ ಚಪ್ಪಲಿ ಹುಡುಕಿ ಮೆಟ್ಟಿ ಆಟೋ ಹತ್ತಿದರು.

ಊಟದ ಹಾಲಿನಲ್ಲಿ ಉದ್ಘಾಟನೆಯ ಉಪಚಾರ ನಡೆದಿತ್ತು. ವ್ಯಸನದ ಬಗೆಗಿನ ಈ ಕಲಾಕೃತಿಯ ಪ್ರಾಯೋಜಕರು ಯಾರು ಅಂದುಕೊಂಡಿರಿ? ಹೊಸದಾಗಿ ಶುರುವಾದ ಒಂದು ಬಿಯರ್ ಕಂಪನಿ! ಬಾಳೆ ಎಲೆ ಹಾಸುವ ಉದ್ದನೆಯ ಮೇಜಿನ ಮೇಲೆ ಗಾಜಿನ ಲೋಟಗಳ ಸಾಲು, 'ಜವಾಬ್ದಾರಿಯಿಂದ ಮುಳುಗಿ' ಎಂಬ ಫಲಕ. ಚನ್ನವೀರೇಶ್ ಆ ಮೇಜಿನ ಮುಂದೆ ಎಷ್ಟು ಹೊತ್ತು ನಿಂತಿದ್ದನೋ ಅವನಿಗೇ ತಿಳಿಯದು. ಕೋಣೆ ಹೋಯಿತು ಎನ್ನುವುದೊಂದೇ ತಲೆಯಲ್ಲಿ ಸುತ್ತುತ್ತಿತ್ತು. ಲೋಟ ಎತ್ತಿದ. ಒಂದೇ ಉಸಿರಿಗೆ ಇಳಿಸಿದ. ಸೇತುರಾಮರು ಓಡಿ ಬಂದು ಕೈ ಹಿಡಿಯುವಷ್ಟರಲ್ಲಿ ಲೋಟ ಖಾಲಿಯಾಗಿತ್ತು. ಅವರು ಏನೂ ಕೇಳಲಿಲ್ಲ. ಸ್ಕೂಟರಿನಲ್ಲಿ ಹಿಂದೆ ಕೂರಿಸಿಕೊಂಡು ಮನೆಗೆ ಬಿಟ್ಟರು.

ಸೋಮವಾರ ಬೆಳಿಗ್ಗೆ ಫಕೀರೇಶ ಫೋನ್ ಮಾಡಿದ. "ಅಣ್ಣಾರ, ಗೇಟಿಗೆ 'ಮಹಡಿ ಬಾಡಿಗೆಗಿದೆ' ಅಂತ ಬೋರ್ಡ್ ಹಾಕ್ಯಾರ್ರಿ." ಮಂಗಳವಾರ ಬ್ರೋಕರ್ ದುಂಡಪ್ಪ ಯಾರನ್ನೋ ಕರೆತಂದು ಕೋಣೆ ತೋರಿಸಿದ. ಗುರುವಾರ ರೇವಂತನ ಕರೆ ಬಂತು. "ಸಾರ್, ರಿವ್ಯೂ ಸೂಪರ್ ಬಂದಿದೆ! ಆ ಅಜ್ಜಿ ಕೈಚೀಲದಲ್ಲಿ ಹೊಡೆದಿದ್ದನ್ನ ನಿರ್ದೇಶಕರ ಪ್ರತಿಭೆ ಅಂತ ಬರೆದಿದಾರೆ. ಮುಂದಿನ ವಾರ ಆಂಟಿಯರನ್ನೆಲ್ಲ ಮತ್ತೆ ಕರ್ಕೊಂಡು ಬರೋಕಾಗತ್ತಾ?" ಚನ್ನವೀರೇಶ್ ಮೂವತ್ತು ವರ್ಷ ಅದುಮಿಟ್ಟುಕೊಂಡಿದ್ದ ಗದಗಿನ ಮಾತಿನಲ್ಲಿ ಅವನಿಗೆ ಕೊಡಬೇಕಾದದ್ದನ್ನು ಕೊಟ್ಟು ಫೋನಿಟ್ಟ. ಅದನ್ನು ಇಲ್ಲಿ ಬರೆಯುವ ಹಾಗಿಲ್ಲ.

ಶನಿವಾರ ಬಂತು. ಗೇಟಿನಲ್ಲಿ ಬೋರ್ಡು ಹಾಗೇ ಇತ್ತು. ಒಬ್ಬೊಬ್ಬರೇ ಕಳ್ಳರ ಹಾಗೆ ಮೆಟ್ಟಿಲು ಹತ್ತಿದರು. ಕೆಳಗಿನ ಕುರ್ಚಿ ಖಾಲಿ. "ಕೊನೇ ಸಲ ಅಂತ ಇಟ್ಕೊಳ್ಳಿ. ಚೆನ್ನಾಗೇ ಹಾಡೋಣ" ಎಂದರು ಸೇತುರಾಮರು. ಎರಡು ಹಾಡು ಮುಗಿಯಿತು. ಬಾಗಿಲು ಹಾಕಿದರು. ಶ್ರುತಿಪೆಟ್ಟಿಗೆ ಒಂದೇ ಗುಂಯ್ ಎನ್ನುತ್ತಿತ್ತು. ತಟ್ಟೆ ಕೇಳಬೇಕಾದವನು ಚನ್ನವೀರೇಶ್. ಆರು ವರ್ಷ ಅದನ್ನು ಕೇಳದವನು ಚಾಪೆಯ ಕಡ್ಡಿ ಕೀಳುತ್ತಾ ಕುಳಿತಿದ್ದ. ಅಷ್ಟರಲ್ಲಿ ಮೆಟ್ಟಿಲ ಮೇಲೆ ಹೆಜ್ಜೆ ಸದ್ದು. ಒಂದು ಹೆಜ್ಜೆ, ಸ್ವಲ್ಪ ನಿಲುಗಡೆ, ಇನ್ನೊಂದು ಹೆಜ್ಜೆ. ಯಾರೋ ಬಾಗಿಲು ತಟ್ಟಿದರು.

ಅನಂತಲಕ್ಷ್ಮಮ್ಮ. ಹನ್ನೊಂದು ವರ್ಷದಲ್ಲಿ ಮೊದಲ ಸಲ ಆ ಮಹಡಿ ಹತ್ತಿದ್ದರು. ಏದುಸಿರು ಬಿಡುತ್ತಾ ಕೋಣೆಯನ್ನು, ಚಾಪೆಗಳನ್ನು, ಎದ್ದು ನಿಂತ ಒಂಬತ್ತು ಗಂಡಸರನ್ನು ನೋಡಿದರು.

"ಇವತ್ತು ತಟ್ಟೆ ನಂಗೆ ಕೊಡಿ" ಎಂದರು.

ಸೇತುರಾಮರು ತಡವರಿಸಿದರು. "ಅಮ್ಮಾ, ಅದು... ಆ ತಟ್ಟೆ..."

"ಗೊತ್ತು ಸೇತುರಾಮರೇ. ಕತ್ತಲಲ್ಲಿ ಕೂರಿಸಿ ನೀವೇ ಹೇಳಿದ್ರಲ್ಲ, ಯಾರಿಗೆ ಕೊಡ್ತೀರಿ, ಯಾಕೆ ಕೊಡ್ತೀರಿ ಅಂತ. ಪ್ರಶ್ನೆ ಕೇಳೋ ಹಾಗಿಲ್ಲ ಅಂತಾನೂ ನೀವೇ ಹೇಳಿದ್ರಿ." ಆಮೇಲೆ ತಾಳ ಹಿಡಿದು ನಿಂತಿದ್ದ ಹುಡುಗನ ಕಡೆ ತಿರುಗಿದರು. "ಫಕೀರೇಶ, ಕೆಳಗೆ ಹೋಗಿ ಆ ಬೋರ್ಡ್ ಬಿಚ್ಚಿ ನಮ್ಮ ಬಚ್ಚಲ ಒಲೆಗೆ ಹಾಕಪ್ಪ. ದುಂಡಪ್ಪಂಗೆ ನಾನು ಹೇಳ್ಕೋತೀನಿ."

ಫಕೀರೇಶ ಮೂರು ಮೂರು ಮೆಟ್ಟಿಲು ಹಾರಿಕೊಂಡು ಇಳಿದ. ಸೇತುರಾಮರ ಕೈಯಿಂದ ತಟ್ಟೆ ಅನಂತಲಕ್ಷ್ಮಮ್ಮನವರ ಕೈಗೆ ಹೋಗುವ ಹೊತ್ತಿಗೆ ಚನ್ನವೀರೇಶ್ ಮುಂದೆ ಬಂದ.

"ಅಮ್ಮಾ, ತಟ್ಟೆ ಇವತ್ತು ನಂಗೂ ಬೇಕು."

ಅನಂತಲಕ್ಷ್ಮಮ್ಮ ಅವನನ್ನು ನೋಡಿದರು. ಏನೋ ಕೇಳಬೇಕೆಂದು ಬಾಯಿ ತೆರೆದವರು ಪದ್ಧತಿ ನೆನಪಾಗಿ ಮುಚ್ಚಿಕೊಂಡರು. "ಹಾಗಾದ್ರೆ ಆ ಕಡೆ ಹಿಡ್ಕೊಳ್ಳಿ" ಎಂದರು.

ಕೊನೆಯ ಹಾಡು ಶುರುವಾಯಿತು, ಬಾಗಿಲು ತೆರೆಯಿತು. ಇಬ್ಬರೂ ಒಂದೊಂದು ಕಡೆ ತಟ್ಟೆ ಹಿಡಿದು ಮೆಟ್ಟಿಲ ಮೇಲ್ತುದಿಯಲ್ಲಿ ನಿಂತರು. ಕೆಳಗೆ ಜನ ಸೇರುತ್ತಿದ್ದರು. ಅನಂತಲಕ್ಷ್ಮಮ್ಮ ಕರ್ಪೂರದ ಉರಿಯನ್ನೇ ನೋಡುತ್ತಾ ಅವನಿಗಷ್ಟೇ ಕೇಳುವಂತೆ ಮಾತಾಡಿದರು.

"ಮಧ್ವೇಶನ ಸಮಾರಾಧನೆ ಕಾರ್ಡ್ ನನ್ನ ಹತ್ರ ಇದೆ. ಅಂಥ ಕಾರ್ಡ್ ಮನೇಲಿಡಬಾರದು ಅಂತಾರೆ. ಅಷ್ಟು ಚೆನ್ನಾಗಿ ಹಾಡ್ತಿದ್ದ ಹುಡುಗ, ನಂಗೆ ಹರಿಯೋಕೆ ಮನಸ್ಸು ಬರ್ಲಿಲ್ಲ. ಪಂಚಾಂಗದೊಳಗೆ ಇಟ್ಟಿದ್ದೆ. ನಿನ್ನೆ ಭೂತಗನ್ನಡಿ ಹಿಡಿದು ನೋಡಿದೆ." ಆಮೇಲೆ ಅವನ ಕಡೆ ತಿರುಗಿದರು. "ಹೌದಲ್ರೀ, ಅಷ್ಟು ಸಣ್ಣಕ್ಷರದಲ್ಲಾ ಹೆಸರು ಹಾಕ್ಕೊಳ್ಳೋದು?"

ಚನ್ನವೀರೇಶನ ಕಣ್ಣು ತುಂಬಿತು. ಒರೆಸಿಕೊಳ್ಳಲು ಒಂದು ಕೈ ಬಿಟ್ಟ, ಅವನ ಕಡೆಯ ತಟ್ಟೆ ವಾಲಿತು.

"ಗಟ್ಟಿಯಾಗಿ ಹಿಡೀರಿ. ಅಕ್ಕಯ್ಯಮ್ಮ ಹತ್ತಿ ಬರ್ತಿದಾರೆ" ಎಂದರು ಅನಂತಲಕ್ಷ್ಮಮ್ಮ.